ಬುಧವಾರದ ಅಳಣಿ

ಬೆಳಗಾವಿಯಲ್ಲಿ ಕೋಳಿಯ ಸೂಪಿಗೆ ಅಳಣಿ ಅನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಅಳಣಿ ಎಂದರೆ ಉಪ್ಪಿಲ್ಲದ್ದು. ಸಂಸ್ಕೃತದ 'ಅಲವಣ' ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ವಿಚಿತ್ರವೆಂದರೆ ಅಳಣಿಗೆ ಉಪ್ಪು ಹಾಕಿಯೇ ಹಾಕುತ್ತಾರೆ. ಅದರಲ್ಲಿ ಇಲ್ಲದ್ದು ಖಾರ ಮತ್ತು ಮಸಾಲೆ. ಸವದತ್ತಿ ಕಡೆಯ ನಮ್ಮ ಮನೆಯಲ್ಲಿ ಇದಕ್ಕೆ ಸಪ್ಪನ ರಸ ಎಂದು ಹೆಸರು. ಸಪ್ಪೆ ಎಂಬ ಮಾತೂ ಹಾಗೆಯೇ. ಉಪ್ಪು ಕಡಿಮೆಯಾದರೂ ಸಪ್ಪೆ, ಖಾರ ಕಡಿಮೆಯಾದರೂ ಸಪ್ಪೆ, ಮುಖದಲ್ಲಿ ಗೆಲುವಿಲ್ಲದಿದ್ದರೂ ಸಪ್ಪೆ. ಎರಡು ಭಾಷೆಯವರೂ ಈ ರಸವನ್ನು ಗುರುತಿಸಿದ್ದು ಅದರಲ್ಲಿ ಏನಿಲ್ಲ ಎಂಬುದರಿಂದ.

ಅದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಅಳಣಿ ಎಂಬುದು ಒಂದು ಪೂರ್ತಿ ಅಡುಗೆಯಾಗಿರಲಿಲ್ಲ. ಅಡುಗೆ ಅರ್ಧ ದಾರಿಯಲ್ಲಿದ್ದಾಗಿನ ಸ್ಥಿತಿ ಅದು. ಕೋಳಿಯನ್ನು ಅರಿಷಿಣ, ಉಪ್ಪು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಮೊದಲು ಬೇಯಿಸುತ್ತಾರೆ. ಅತ್ತ ಒಣಕೊಬ್ಬರಿ ಕೆಂಡದ ಮೇಲೆ ಸುಟ್ಟು, ಎಳ್ಳು ಗಸಗಸೆ ಹುರಿದು, ಸಂಕೇಶ್ವರದ ಮೆಣಸಿನಕಾಯಿಯ ಪುಡಿ ಬೆರೆಸಿ ಮಸಾಲೆ ಅರೆಯುವುದು ನಡೆದಿರುತ್ತದೆ. ಆ ಮಸಾಲೆ ಬೋಗುಣಿಗೆ ಬೀಳುವ ಮೊದಲು ಅವ್ವ ಎರಡು ವಾಟಗದಷ್ಟು ರಸ ತೆಗೆದಿಡುತ್ತಿದ್ದಳು. ಒಂದು ಮನೆಯ ಸಣ್ಣ ಕೂಸಿಗೆ, ಇನ್ನೊಂದು ಹಲ್ಲು ಹೋದ ಅಜ್ಜನಿಗೆ. ಬಾಣಂತಿ ಇದ್ದರೆ ಅವಳಿಗೆ, ಜ್ವರದವರಿದ್ದರೆ ಅವರಿಗೆ. ಆ ವಾಟಗ ಯಾರ ಕೈಗೆ ಹೋಯಿತು ಎಂಬುದರಿಂದ ಆ ವಾರ ಮನೆಯಲ್ಲಿ ಯಾರು ಸೋತಿದ್ದಾರೆ ಎಂದು ತಿಳಿಯುತ್ತಿತ್ತು. ಮೊದಲ ಸಲ ತನ್ನ ಮುಂದೆ ಅದನ್ನು ಇಟ್ಟಾಗ ಅಜ್ಜ "ನಾ ಏನ ಕೂಸೇನು?" ಎಂದು ವಾಟಗ ಸರಿಸಿದ್ದನಂತೆ. ಕುಡಿದರೆ ಮುದುಕನಾದೆ ಎಂದು ಒಪ್ಪಿಕೊಂಡ ಹಾಗೆ.

ಕೊಲ್ಹಾಪುರದ ಕಡೆ ಹೋದರೆ ಇದೇ ರಸ ಎರಡಾಗಿ ಒಡೆಯುತ್ತದೆ. ಒಂದಕ್ಕೆ ಕೆಂಪು ಮಸಾಲೆ ಬಿದ್ದು ತಾಂಬಡಾ ರಸ್ಸಾ, ಇನ್ನೊಂದಕ್ಕೆ ತೆಂಗಿನ ಹಾಲು ಬಿದ್ದು ಪಾಂಢರಾ ರಸ್ಸಾ. ಅಳಣಿ ಅಲ್ಲಿಯೂ ಬುಡದಲ್ಲಿದೆ. ಆದರೆ ಅಳಣಿಯನ್ನೇ ಉಣ್ಣಲಿಕ್ಕೆಂದು ಯಾರಾದರೂ ಕೋಳಿ ತಂದದ್ದನ್ನು ನಾನು ಸಣ್ಣವಳಿದ್ದಾಗ ಕಂಡಿಲ್ಲ. ಅದನ್ನು ಮಾಡಲು ಶುರು ಮಾಡಿದ್ದು ನಾನೇ, ಸದಾಶಿವನಗರದ ಬಾಡಿಗೆ ಕೋಣೆಯಲ್ಲಿ.

ಪಿಎಚ್.ಡಿ.ಗೆ ಸೇರಿದ ಮೇಲೆ ಇಲ್ಲಿ ಮನೆ ಹುಡುಕಿದೆ. ನೆಹರೂ ನಗರದ ಆಸ್ಪತ್ರೆ, ಮೆಡಿಕಲ್ ಕಾಲೇಜು ಹತ್ತಿರವಿರುವುದರಿಂದ ಈ ಭಾಗದಲ್ಲಿ ವಿದ್ಯಾರ್ಥಿಗಳಿಗೆ, ನರ್ಸ್‌ಗಳಿಗೆ, ರೋಗಿಗಳ ಜೊತೆ ಬಂದವರಿಗೆ ಕೊಡುವ ಕೋಣೆಗಳು ಬಹಳ. ಬಾಡಿಗೆ ಎಷ್ಟು ಎಂದು ನಾವು ಕೇಳುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ನೀವು ಯಾವ ಪೈಕಿ?" ಸ್ವಲ್ಪ ನಾಜೂಕಿನವರು ಅದನ್ನೇ ಬೇರೆ ರೀತಿ ಕೇಳುತ್ತಿದ್ದರು: "ಮನ್ಯಾಗ ಏನೇನ ಅಡಗಿ ಮಾಡತೀರಿ?" ಉತ್ತರ ಕೇಳಿದ ಮೇಲೆ ಕೋಣೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತಿತ್ತು. ಆರೇಳು ಮನೆಯ ನಂತರ ಸಿಕ್ಕಿದ್ದು ಈಗಿನ ಕೋಣೆ, ಮಾಳಿಗೆಯ ಮೇಲೆ. ಕೆಳಗೆ ಮಾಲಕಿ ಅಜ್ಜಿ ಒಬ್ಬರೇ ಇರುತ್ತಾರೆ. ಅವರು ತಿನ್ನುವವರಲ್ಲ. ನಮ್ಮನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಮಾಡ್ಕೋರಿ. ಆದ್ರ ಈ ಕಡೀ ಕಿಟಕಿ ಹಾಕಿ ಮಾಡ್ರಿ, ಹಿತ್ತಲ ಕಡೀದು ತಗೀರಿ. ಶ್ರಾವಣದಾಗ ಮಾತ್ರ ಬ್ಯಾಡ." ಶ್ರಾವಣದಲ್ಲಿ ನಮ್ಮವ್ವನೂ ಕೋಳಿ ಮುಟ್ಟುವುದಿಲ್ಲ. ಹೂಂ ಅಂದೆವು.

'ನಾವು' ಎಂದರೆ ನಾನು ಮತ್ತು ನನ್ನ ಗೆಳತಿ. ಅವಳು ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯವಳು, ಮನೆಮಾತು ಮರಾಠಿ, ಕೆಲಸ ನರ್ಸಿನದು. ನನಗಿಂತ ನಾಲ್ಕು ವರ್ಷ ಸಣ್ಣವಳು. ಅಳಣಿ ಎಂಬ ಹೆಸರು ನನಗೆ ಸಿಕ್ಕಿದ್ದು ಅವಳಿಂದ.

ಬುಧವಾರವೇ ಯಾಕೆಂದರೆ ಸೋಮವಾರ, ಗುರುವಾರ, ಶನಿವಾರ ಒಬ್ಬರಲ್ಲ ಒಬ್ಬರ ಮನೆಯ ದೇವರ ವಾರ. ಭಾನುವಾರ ಅಂಗಡಿಯ ಮುಂದೆ ಸಾಲು. ಬುಧವಾರ ಸಂಜೆ ಅಂಗಡಿ ಖಾಲಿ, ಕತ್ತರಿಸುವವರಿಗೆ ಪುರಸೊತ್ತು. "ಸೂಪಿಗೇನ್ರೀ ಅಕ್ಕಾರ?" ಎಂದು ಕೇಳಿ ಕುತ್ತಿಗೆ, ಬೆನ್ನು, ಕಾಲು ಕೂಡಿಸಿ ಅರ್ಧ ಕಿಲೋ ಕೊಡುತ್ತಾರೆ. ಎದೆಯ ಮಾಂಸ ಬೇಡ. ಸೂಪಿನ ರುಚಿ, ಮೈ ಎರಡೂ ಇರುವುದು ಎಲುಬಿನಲ್ಲಿ, ಕೀಲಿನಲ್ಲಿ, ಚರ್ಮದಲ್ಲಿ. ಅಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ಪದಾರ್ಥ ಬಿಸಿ ನೀರಿನಲ್ಲಿ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಉಳಿದ ಅಳಣಿಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಹೆಪ್ಪುಗಟ್ಟಿ ನಡುಗುವುದು ಅದರಿಂದಲೇ. ಆರು ವಾರದ ಬ್ರಾಯ್ಲರ್ ಕೋಳಿಯಲ್ಲಿ ಇದು ಬೇಗ ಕರಗುತ್ತದೆ. ಅಂಗಳದಲ್ಲಿ ಓಡಾಡಿ ವರ್ಷ ಕಳೆದ ಜವಾರಿ ಕೋಳಿಗೆ ಹೆಚ್ಚು ಹೊತ್ತು ಬೇಕು, ರಸವೂ ಹೆಚ್ಚು ಗಟ್ಟಿ. ನಮ್ಮ ಜೇಬಿಗೆ, ನಮ್ಮ ಗ್ಯಾಸಿಗೆ ಬ್ರಾಯ್ಲರ್ ಸಾಕು.

ಮಾಡುವ ರೀತಿ ಇಷ್ಟೇ. ಒಂದು ಚಮಚ ಎಣ್ಣೆಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಹಸಿಶುಂಠಿ. ಉಳ್ಳಾಗಡ್ಡಿ ಮೆತ್ತಗಾಗಬೇಕು, ಕೆಂಪಾಗಬಾರದು. ಅದಕ್ಕೆ ತೊಳೆದ ಕೋಳಿ, ಅರ್ಧ ಚಮಚ ಅರಿಷಿಣ, ಒಂದು ಚಮಚ ಉಪ್ಪು. ಐದು ನಿಮಿಷ ತಿರುವಿದರೆ ಕೋಳಿ ತಾನೇ ನೀರು ಬಿಡುತ್ತದೆ. ಈಗ ಬೋಗುಣಿಯ ಮೇಲೆ ಒಂದು ಆಳದ ತಾಟು ಮುಚ್ಚಿ, ಆ ತಾಟಿನಲ್ಲಿ ನೀರು ಹಾಕಬೇಕು. ಇದು ಗಡಿಯ ಈಚೆಗೂ ಆಚೆಗೂ ಇರುವ ಹಳೆಯ ಪದ್ಧತಿ. ಕೆಳಗಿನ ಹಬೆ ತಾಟಿಗೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ, ತಳ ಹತ್ತುವುದಿಲ್ಲ. ಮೇಲಿನ ನೀರು ಅದೇ ಶಾಖಕ್ಕೆ ಕಾಯುತ್ತದೆ. ಹದಿನೈದು ನಿಮಿಷದ ಮೇಲೆ ಆ ಬಿಸಿ ನೀರನ್ನೇ ಒಳಗೆ ಸುರಿದು, ತಾಟಿಗೆ ಮತ್ತೆ ತಣ್ಣೀರು. ತಣ್ಣೀರನ್ನು ನೇರ ಬೋಗುಣಿಗೆ ಹಾಕುವಂತಿಲ್ಲ ಎಂಬುದು ಅವ್ವನ ಕಟ್ಟಪ್ಪಣೆ. ಹೀಗೆ ಎರಡು ಮೂರು ಸಲದಲ್ಲಿ ಒಂದೂಕಾಲು ಲೀಟರಿನಷ್ಟು ನೀರು ಒಳಗೆ ಸೇರಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಬೇಕು. ಕುಕ್ಕರಿನಲ್ಲಿ ಬೇಗ ಆಗುತ್ತದೆ ನಿಜ. ಆದರೆ ಆ ಮುಕ್ಕಾಲು ಗಂಟೆ ನನಗೆ ಬೇಕು. ದಿನವಿಡೀ ಅಡಿಟಿಪ್ಪಣಿ ತಿದ್ದಿದ ಕಣ್ಣಿಗೆ, ನೋಡುತ್ತ ಕೂರುವ ಅಗತ್ಯವಿಲ್ಲದ, ಬಿಟ್ಟು ಹೋಗಲಿಕ್ಕೂ ಆಗದ ಇಂಥ ಕೆಲಸ ಒಳ್ಳೆಯದು.

ಕೊನೆಗೆ ಕುಟ್ಟಿದ ಎಂಟು ಹತ್ತು ಕಾಳುಮೆಣಸು, ಕೊತ್ತಂಬರಿಯ ದಂಟು. ಗೆಳತಿ ಇದ್ದರೆ ಅರ್ಧದಲ್ಲೇ ಒಂದು ಹಿಡಿ ಅಕ್ಕಿ ಬೀಳುತ್ತದೆ. ಅವಳದು ಮಳೆಯ ನಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಅವಳ ತಾಲ್ಲೂಕಿನಲ್ಲಿ. ಅಲ್ಲಿ ಭತ್ತವೇ ಬೆಳೆ, ಗಂಜಿಯೇ ಸಮಾಧಾನ. ಅದೇ ನದಿ ಕೆಳಗಿಳಿದು ಬಂದು ನಮ್ಮ ಸವದತ್ತಿಯ ಅಣೆಕಟ್ಟಿನಲ್ಲಿ ನಿಲ್ಲುವ ಹೊತ್ತಿಗೆ ಸುತ್ತ ಜೋಳದ ಹೊಲ. ನಾನು ಒಣರೊಟ್ಟಿ ಮುರಿದು ಅಳಣಿಗೆ ಹಾಕಿ, ಅದು ನೆನೆಯುವವರೆಗೆ ಕಾದು ಉಣ್ಣುವವಳು. ಒಂದೇ ಬೋಗುಣಿಯಿಂದ ಅವಳು ನದಿಯ ಮೇಲಿನ ಊಟ ಉಣ್ಣುತ್ತಾಳೆ, ನಾನು ನದಿಯ ಕೆಳಗಿನದು.

ಇದನ್ನೇ ಬುಧವಾರದ ಅಡುಗೆ ಮಾಡಿಕೊಂಡದ್ದಕ್ಕೆ ಸುಲಭ, ಹಗುರ, ಹೊಟ್ಟೆಗೆ ಹಿತ ಎಂಬ ಕಾರಣಗಳನ್ನು ನಾನು ಬಹಳ ದಿನ ಹೇಳುತ್ತಿದ್ದೆ. ಅವು ಸುಳ್ಳಲ್ಲ. ಆದರೆ ಇನ್ನೊಂದು ಕಾರಣವಿತ್ತು. ಅಳಣಿಗೆ ವಾಸನೆ ಕಡಿಮೆ. ಕೊಬ್ಬರಿ ಸುಡುವುದಿಲ್ಲ, ಮಸಾಲೆ ಹುರಿಯುವುದಿಲ್ಲ, ಖಾರದ ಘಾಟಿಲ್ಲ. ತಾಟಿನ ಮೇಲೆ ನೀರಿದ್ದರೆ ಹಬೆಯೂ ಹೊರಗೆ ಹೆಚ್ಚು ಹೋಗುವುದಿಲ್ಲ. ಮಾಂಸದ ಅಡುಗೆಗಳಲ್ಲಿ ಬಾಡಿಗೆ ಕೋಣೆಗೆ ಇಷ್ಟು ಒಗ್ಗುವುದು ಇನ್ನೊಂದಿಲ್ಲ. ನಾನು ನೆಮ್ಮದಿ ಎಂದು ಕರೆಯುತ್ತಿದ್ದುದರಲ್ಲಿ ನೆಮ್ಮದಿ ಎಷ್ಟು, ಎಚ್ಚರಿಕೆ ಎಷ್ಟು ಎಂಬುದನ್ನು ಬೇರೆ ಮಾಡಿ ನೋಡುವುದು ಕಷ್ಟ.

ಸದಾಶಿವನಗರ ಎಂದರೆ ಬೆಳಗಾವಿಯ ಬಹಳ ಜನರಿಗೆ ಮೊದಲು ನೆನಪಾಗುವುದು ಇಲ್ಲಿಯ ಸ್ಮಶಾನ. 2014ರ ಡಿಸೆಂಬರ್ 6, ಅಂಬೇಡ್ಕರ್ ಅವರ ಪರಿನಿರ್ವಾಣ ದಿನದಂದು, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಮೂಢನಂಬಿಕೆಯನ್ನು ಪ್ರಶ್ನಿಸಲೆಂದು ಈ ಸ್ಮಶಾನದಲ್ಲಿ ಜನರ ಜೊತೆ ಉಂಡು, ರಾತ್ರಿ ಅಲ್ಲೇ ಉಳಿದರು. ಆಮೇಲೆಯೂ ಮಾನವ ಬಂಧುತ್ವ ವೇದಿಕೆ ಡಿಸೆಂಬರ್ 6ರ ಕಾರ್ಯಕ್ರಮವನ್ನು ಅಲ್ಲಿ ನಡೆಸುತ್ತ ಬಂದಿದೆ. ಹೆಣ ಸುಡುವ ಜಾಗದಲ್ಲಿ ಕೂತು ಉಣ್ಣಲು ಧೈರ್ಯ ಬೇಕು. ಆ ಊಟದ ಬಗ್ಗೆ ನನಗೆ ಗೌರವವಿದೆ. ಅದು ಎಲ್ಲರ ಕಣ್ಣೆದುರಿನ ಊಟ, ವರ್ಷಕ್ಕೊಂದು ದಿನದ್ದು. ಅದೇ ಬಡಾವಣೆಯಲ್ಲಿ ವಾರಕ್ಕೊಮ್ಮೆ ಕಿಟಕಿ ಹಾಕಿಕೊಂಡು ಮಾಡುವ ಅಡುಗೆಗೆ ಭಾಷಣವಿಲ್ಲ, ಪತ್ರಿಕೆಯ ಫೋಟೋ ಇಲ್ಲ. ಅದು ಯಾವ ನಂಬಿಕೆಯನ್ನೂ ಮುರಿಯಲು ಹೊರಟದ್ದಲ್ಲ. ಹಸಿವಾಗಿದೆ, ಅಷ್ಟೇ.

ಸಾಹಿತ್ಯದ ವಿದ್ಯಾರ್ಥಿಯಾದ್ದರಿಂದ ನಾನು ಪುಸ್ತಕಗಳಲ್ಲೂ ಈ ರಸವನ್ನು ಹುಡುಕಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' 16ನೇ ಶತಮಾನದ ಆರಂಭದ ಕನ್ನಡ ಪಾಕಗ್ರಂಥ, ಷಟ್ಪದಿಯಲ್ಲಿದೆ. ಮಂಗರಸ ಜೈನ, ಆ ಪುಸ್ತಕದಲ್ಲಿ ಮಾಂಸವಿಲ್ಲ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹಂದಿ, ಮೀನು, ಬೇಟೆಯ ಮಾಂಸಗಳ ಅಡುಗೆಯನ್ನು ವಿವರವಾಗಿ ಹೇಳುತ್ತದೆ. ಆದರೆ ಅದು ಸಂಸ್ಕೃತದಲ್ಲಿದೆ, ಅರಸನ ಭೋಗವಾಗಿ ಇದೆ. ಬರಿಯ ರಸ ನನಗೆ ಗೌರವದ ಜಾಗದಲ್ಲಿ ಸಿಕ್ಕಿದ್ದು ವೈದ್ಯದಲ್ಲಿ. ಚರಕಸಂಹಿತೆ ಕ್ಷೀಣಿಸಿದವರಿಗೆ, ಕಾಯಿಲೆಯಿಂದ ಏಳುತ್ತಿರುವವರಿಗೆ ಮಾಂಸರಸ ಹೇಳುತ್ತದೆ. 12ನೇ ಶತಮಾನದ ಯಹೂದಿ ವೈದ್ಯ ಮೈಮೊನಿಡಿಸ್ ಕೋಳಿಯ ರಸವನ್ನೇ ರೋಗಿಗಳಿಗೆ ಹೇಳಿದ. 2000ರಲ್ಲಿ ಅಮೆರಿಕದ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ಮತ್ತು ಜೊತೆಗಾರರು ಹೆಂಡತಿಯ ಮನೆತನದ ಕೋಳಿ ಸೂಪನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಉರಿಯೂತದ ಕಡೆಗೆ ಧಾವಿಸುವ ಒಂದು ಬಗೆಯ ಬಿಳಿ ರಕ್ತಕಣಗಳ ಚಲನೆಯನ್ನು ಅದು ತಗ್ಗಿಸುತ್ತದೆಂದು 'ಚೆಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಜಿನ ಪಾತ್ರೆಯಲ್ಲಿ ಕಂಡದ್ದು ಅದು, ಮನುಷ್ಯರ ನೆಗಡಿಯಲ್ಲಿ ಅಲ್ಲ.

ಹೀಗೆ ಸಾವಿರಾರು ವರ್ಷಗಳಿಂದ ಈ ರಸ ಒಳಗೆ ಬಂದದ್ದು ಔಷಧದ ಬಾಗಿಲಿನಿಂದ. ಅರಸನಿಗೆ ಭೋಗ, ರೋಗಿಗೆ ಪಥ್ಯ. ಅರಸನೂ ಅಲ್ಲದ, ರೋಗಿಯೂ ಅಲ್ಲದ, ಬಸ್ಸಿಳಿದು ಬಂದು ಸುಸ್ತಾದ ಸಾಮಾನ್ಯರು ಇದನ್ನು ಸುಮ್ಮನೆ ರಾತ್ರಿಯ ಊಟವಾಗಿ ಉಣ್ಣಬಹುದೆಂದು ಯಾವ ಗ್ರಂಥವೂ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲವೇನೋ. ಉಣ್ಣುವವರು ಉಣ್ಣುತ್ತಲೇ ಇದ್ದರು, ಬರೆಯುವವರು ಬೇರೆಯವರಾಗಿದ್ದರು.

ಕಳೆದ ವರ್ಷದ ಮಳೆಗಾಲದಲ್ಲಿ ಗೆಳತಿಗೆ ಜ್ವರ ಬಂತು. ರಕ್ತಪರೀಕ್ಷೆಯಲ್ಲಿ ಡೆಂಗೆ ಇಲ್ಲ ಎಂದಾಯಿತು, ವೈರಲ್ ಜ್ವರ. ಮೂರನೆಯ ದಿನಕ್ಕೆ ಜ್ವರ ಇಳಿದರೂ ಬಾಯಿ ಕಹಿ, ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಎಲ್ಲ ರೋಗಿಗಳಿಗೂ "ತತ್ತಿ ತಿನ್ನಿ, ಪ್ರೋಟೀನ್ ಬೇಕು" ಎಂದು ಹೇಳುವವಳು ಎರಡು ಚಮಚ ಗಂಜಿಗೆ ಸಾಕೆನ್ನುತ್ತಿದ್ದಳು. ನಾಲ್ಕನೆಯ ದಿನ ಸಂಜೆ ಗೋಡೆಯ ಕಡೆ ಮುಖ ಮಾಡಿ ಮಲಗಿದಲ್ಲಿಂದಲೇ ಅಂದಳು: "ಅಕ್ಕಾ, ಅಳಣಿ ಇದ್ರ ಕುಡೀತಿದ್ದೆ."

ಅದು ಶ್ರಾವಣ.

ಕೆಳಗಿಳಿದು ಹೋದೆ. ಅಜ್ಜಿ ಬತ್ತಿ ಹೊಸೆಯುತ್ತಿದ್ದರು. ಹೇಗೆ ಕೇಳುವುದೆಂದು ಮೆಟ್ಟಿಲ ಮೇಲೆ ಜೋಡಿಸಿಕೊಂಡಿದ್ದ ಮಾತು ಅವರ ಮುಂದೆ ನಿಂತಾಗ ಹೋಯಿತು. ಶ್ರಾವಣ ಅಂತ ಗೊತ್ತೈತ್ರಿ, ಆದ್ರ ಅಕೀ ನಾಕ ದಿನ ಆತು ಏನೂ ಉಂಡಿಲ್ಲ, ಒಂದು ವಾಟಗ ರಸ ಮಾಡಿಕೊಡಲೇನು ಎಂದೆ. ಅಜ್ಜಿ ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ಕೆಳಗಿಟ್ಟರು.

"ಜಡ್ಡಾದವರಿಗೆ ಎಲ್ಲೀ ಶ್ರಾವಣ ತಂಗಿ? ಮಾಡು ಹೋಗು." ನಾನು ತಿರುಗುವಷ್ಟರಲ್ಲಿ ಮತ್ತೆ ಕರೆದರು. "ತಾಟಿನಾಗ ನೀರು ಇನ್ನಷ್ಟ ಹಾಕು. ಕಡಿಮಿ ಹಾಕತಿ, ಅದಕ್ಕ ಬಡಕೋತೈತಿ. ಬುಧವಾರ ಬುಧವಾರ ಕೇಳತೈತಿ ನನಗ."

ಎರಡು ವರ್ಷದಿಂದ ವಾಸನೆ ಕೆಳಗಿಳಿಯದಂತೆ ನೋಡಿಕೊಂಡಿದ್ದೆ. ನೀರು ಆರಿದಾಗ ಹಬೆಗೆ ತಾಟು ಕುಣಿಯುವ ಸದ್ದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆ ರಾತ್ರಿ ಅಂಗಡಿ ಹುಡುಕಿ ಕಾಲು ಕಿಲೋ ತಂದೆ. ಅಕ್ಕಿ ಹಾಕಲಿಲ್ಲ, ಕಾಳುಮೆಣಸೂ ಎರಡೇ. ತೆಳುಬಟ್ಟೆಯಲ್ಲಿ ಸೋಸಿ, ಮೇಲಿನ ಎಣ್ಣೆ ತೆಗೆದು ಕೊಟ್ಟೆ. ಗೋಡೆಗೆ ದಿಂಬು ಕೊಟ್ಟು ಕೂತು ಎರಡೂ ಕೈಯಲ್ಲಿ ವಾಟಗ ಹಿಡಿದಳು. ಮೊದಲು ಹಬೆ ಮೂಸಿದಳು, ಆಮೇಲೆ ಗುಟುಕು. ಅರ್ಧಕ್ಕೆ ಬಂದಾಗ ಹಣೆಯಲ್ಲಿ ಬೆವರು ಮೂಡಿತು. ಪೂರ್ತಿ ಕುಡಿದು "ಊರಾಗ ನಮ್ಮ ಆಜಿಗೆ ಹೇಳಬ್ಯಾಡ" ಅಂದಳು. ಅವಳ ಮನೆಯಲ್ಲೂ ಶ್ರಾವಣ ಕಡಕ್. ಆಮೇಲೆ ಆರು ತಾಸು ಏಳದೆ ಮಲಗಿದಳು. ಅದು ರಸದ ಗುಣವೋ, ಜ್ವರವೇ ಬಿಡುವ ದಿನವಾಗಿತ್ತೋ, ನಾನು ಪ್ರಬಂಧ ಬರೆದು ಸಾಧಿಸುವ ವಿಷಯವಲ್ಲ.

ಅಜ್ಜಿಯ ಆ ಮಾತು ದೊಡ್ಡದು. ಚರಕನ ಮಾತೂ ಅದೇ. ನಾನು ಅದನ್ನು ಬಹಳ ಜನರಿಗೆ ಹೇಳಿದ್ದೇನೆ, ಕೇಳಿದವರೆಲ್ಲ ಎಂಥ ಒಳ್ಳೆಯ ಮುದುಕಿ ಅನ್ನುತ್ತಾರೆ. ಒಳ್ಳೆಯವರು ನಿಜ. ಆದರೆ ನನ್ನೊಳಗೆ ಇನ್ನೊಂದು ಪ್ರಶ್ನೆ ಉಳಿದಿದೆ. ಜಡ್ಡಾದವರಿಗೆ ಶ್ರಾವಣವಿಲ್ಲ, ಸರಿ. ಜಡ್ಡಾಗದವರಿಗೆ ಕಿಟಕಿ ಯಾಕೆ? ನಮ್ಮ ಊಟ ಪಥ್ಯವಾಗಿ ಬಂದರೆ ದಯೆ ಸಿಗುತ್ತದೆ, ಬರಿಯ ಊಟವಾಗಿ ಬಂದರೆ ಷರತ್ತು ಸಿಗುತ್ತದೆ. ಸೋತವರಿಗೆ ಮೊದಲು ತೆಗೆದಿಡುವ ಅವ್ವನ ವಾಟಗದಲ್ಲಿ ಅಂಥ ಷರತ್ತಿರಲಿಲ್ಲ. ಉಳಿದದ್ದಕ್ಕೆ ಮಸಾಲೆ ಬೀಳುತ್ತಿತ್ತು, ಓಣಿಗೆಲ್ಲ ವಾಸನೆ ಹೋಗುತ್ತಿತ್ತು, ಎಲ್ಲರೂ ಉಣ್ಣುತ್ತಿದ್ದರು. ಅಳಣಿ ನೆಮ್ಮದಿ ಕೊಡುತ್ತಿದ್ದುದು ಅದರ ಹಿಂದೆ ಒಂದು ಖಾರದ ಬೋಗುಣಿ ಬರಲಿದೆ ಎಂಬ ಭರವಸೆಯಿಂದ. ನಾನು ಆ ಎರಡನೆಯ ಬೋಗುಣಿಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಪಟ್ಟಣಕ್ಕೆ ತಂದಿದ್ದೆ.

ಇದಕ್ಕೆ ಅಜ್ಜಿಯ ಹತ್ತಿರ ಹೋಗಿ ವಾದ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಈ ಊರಲ್ಲಿ ನಮಗೆ ಹೂಂ ಅಂದ ಮನೆ ಅದೊಂದೇ. ಕಿಟಕಿಯ ಷರತ್ತು ಇನ್ನೂ ಇದೆ, ನಾವು ಪಾಲಿಸುತ್ತೇವೆ. ಆದರೆ ಅಡುಗೆಯನ್ನು ಅರ್ಧಕ್ಕೆ ನಿಲ್ಲಿಸಬೇಕೆಂದು ಅವರು ಯಾವತ್ತೂ ಹೇಳಿರಲಿಲ್ಲ. ಅದು ನಾನೇ ಹಾಕಿಕೊಂಡ ಷರತ್ತು.

ಶ್ರಾವಣ ಮುಗಿದು ಗಣಪತಿಯೂ ಹೋದ ಮೇಲಿನ ಬುಧವಾರ, ಡ್ಯೂಟಿ ಮುಗಿಸಿ ಬಂದ ಗೆಳತಿ ಬೋಗುಣಿಯ ತಾಟೆತ್ತಿ ನೋಡಿ ಅಂದಳು: "ಅಕ್ಕಾ, ನನಗ ಈಗ ಜ್ವರ ಇಲ್ಲ. ತಿಖಟ ಮಾಡು." ಜ್ವರ ಪೂರ್ತಿ ಹೋಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣ ಯಾವ ಸಂಹಿತೆಯಲ್ಲಿದೆ? ಎರಡು ವಾಟಗ ಅಳಣಿ ತೆಗೆದಿಟ್ಟೆವು. ಅರ್ಧ ಗಿಟುಕ ಕೊಬ್ಬರಿಯನ್ನು ಚಿಮಟದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಅದು ಮೊದಲು ಬೆವರಿತು, ಅಂಚಿಗೆ ಕಪ್ಪಾಯಿತು, ಆಮೇಲೆ ಎಣ್ಣೆ ಬಿಟ್ಟು ಹೊತ್ತಿಕೊಂಡಿತು. ಅವಳು ಊದಿ ಆರಿಸಿದಳು. ಹಿತ್ತಲ ಕಡೆಯ ಕಿಟಕಿ ತೆರೆದಿತ್ತು.